ನಲವತ್ತು ಎಳೆಯ ಕೇಬಲ್

2001ರ ಜುಲೈನಲ್ಲಿ, ಕುಷ್ಟಗಿಯ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ದೊಡ್ಡವ್ವನ ಬೀಸುಕಲ್ಲಿನ ಹಾಡುಗಳು ಕೆಟ್ಟವು.

ಹಾಡುಗಳು ಕಾಗದದ ಮೇಲೆ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ದೊಡ್ಡವ್ವ ಇರಕಲ್ಲಗಡದಿಂದ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತು ಐವತ್ತೆರಡು ಹಾಡು ಹಾಡಿದ್ದಳು. ಮಾಲೀಕ ಕೇಳುತ್ತಲೇ ಟೈಪ್ ಮಾಡಿದ್ದ. ಆಮೇಲೆ ಅವಳ ಗಂಟಲಿನ ಆಪರೇಷನ್ ಆಯಿತು, ದನಿ ಹೋಯಿತು. ಅವಳಿಗೆ ಬರೆಯಲು ಬಾರದು.

ಹಳೆಯ ಹಾರ್ಡ್ ಡಿಸ್ಕ್ ತುಂಬಿತ್ತು. ಮಾಲೀಕ ಹೊಸದು ತಂದು, ಹಾಡುಗಳ ಪ್ರತಿ ಇಟ್ಟುಕೊಳ್ಳದೆ ಎಲ್ಲವನ್ನೂ ಅದಕ್ಕೆ ಸಾಗಿಸಿದ. ನಡುವೆ ಕಂಪ್ಯೂಟರ್ ನಿಂತಿತು. ಮತ್ತೆ ಚಾಲು ಮಾಡಿದಾಗ ಕೆಲವು ಹಾಡು ತೆರೆದವು, ಕೆಲವು ಇಲ್ಲ. ಮಧ್ಯಾಹ್ನ ತೆರೆದದ್ದು ಸಂಜೆ ತೆರೆಯಲಿಲ್ಲ.

"ಕರೆಂಟ್ ಸರಿ ಇಲ್ಲರಿ," ಎಂದ ಮಾಲೀಕ. ಯುಪಿಎಸ್ ಮೇಲೆ ನಡೆಸಿದರೂ ನಿಂತಿತು. ಮರುದಿನ, "ಡಿಸ್ಕಽ ಖರಾಬ್ ಐತಿ," ಎಂದ. ಇನ್ನೊಂದು ಹೊಸ ಡಿಸ್ಕ್ ಹಾಕಿ ಬೇರೇನೋ ಸಾಗಿಸಿ ನೋಡಿದ. ಆಗಲೂ ಕಂಪ್ಯೂಟರ್ ನಿಂತಿತು. ನಾನು ಎರಡು ಕಾರಣಗಳನ್ನೂ ಬರೆದುಕೊಂಡು ಎರಡನ್ನೂ ಹೊಡೆದುಹಾಕಿದೆ. ದೊಡ್ಡವ್ವ ದಿನಾ ಬಂದು ಅದೇ ಸ್ಟೂಲಿನ ಮೇಲೆ ಕೂತು ನಮ್ಮ ಮುಖ ನೋಡುತ್ತಿದ್ದಳು.

ಮೂರನೆಯ ದಿನ ಕೊಪ್ಪಳದಿಂದ ಮೆಕ್ಯಾನಿಕ್ ಬಂದ. ನೇಕಾರರ ಮನೆಯವನು. ಡಬ್ಬಿ ಬಿಚ್ಚಿ, ಡಿಸ್ಕಿನ ಚಪ್ಪಟೆ ಕೇಬಲ್ಲಿನ ಮೇಲೆ ಹೆಬ್ಬೆರಳ ಉಗುರು ಎಳೆದು ಎಣಿಸಿದ.

"ನಲವತ್ತಽ ಎಳಿ ಅದಾವ್ರಿ. ಹೊಸಾ ಡಿಸ್ಕ್ ಜೋರಾಗಿ ಓಡಾಕ ಎಂಬತ್ತು ಬೇಕು. ಡಿಸ್ಕ್ ನಡಸೂ ಡ್ರೈವರ್ ಪ್ರೋಗ್ರಾಂ ಡಿಸ್ಕ್ ನೋಡಿ ಜೋರ್ ಬಿಟ್ಟೈತಿ, ಕೇಬಲ್ ನೋಡಿಲ್ಲ. ಡಿಸ್ಕಿನ ಜೋಡಿ ಕೇಬಲ್ ಬರಲಿಲ್ಲೇನ್ರಿ?"

"ಬಂದಿತ್ತೋ ತಮ್ಮಾ. ಹಳೇದು ಗಟ್ಟಿ ಐತಲ್ಲಂತ ಎತ್ತಿಟ್ಟೆ."

ಮಾಲೀಕ ಅದನ್ನು ದೇವರ ಫೋಟೋದ ಹಿಂದಿನಿಂದ ತೆಗೆದ. ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಮೇಲೆ ಕುಂಕುಮವಿತ್ತು.

"ಪೂಜಿ ಮಾಡೀರಲ್ರಿ! ಊದಿನಕಡ್ಡಿ ಹಚ್ಚಿರೇನು?" ಎಂದ ಮೆಕ್ಯಾನಿಕ್.

ದೊಡ್ಡವ್ವ ನಗಲಿಲ್ಲ. ಒಂದೇ ಕೇಬಲ್ಲಿನಲ್ಲಿ ಒಂದು ಹಾಡು ಸರಿಯಾಗಿ ಹೋಗಿ ಇನ್ನೊಂದು ಹೇಗೆ ಕೆಟ್ಟಿತು ಎಂದು ನಾನು ಮೆಕ್ಯಾನಿಕ್‌ನನ್ನು ಕೇಳಿದೆ. ಅವನು ಎರಡು ಸಲ ವಿವರಿಸಿದ. ನನಗೆ ಅರ್ಥವಾಗಲಿಲ್ಲ.

ಹೊಸ ಕೇಬಲ್ ಹಾಕಿದ ಮೇಲೆ ಕಂಪ್ಯೂಟರ್ ನಿಲ್ಲಲಿಲ್ಲ. ನಲವತ್ತಮೂರು ಹಾಡು ತೆರೆದವು. ಒಂದೊಂದನ್ನೂ ನಾನು ಓದಿದೆ. ಸರಿಯಿದ್ದರೆ ದೊಡ್ಡವ್ವ ಬೆರಳಿನಿಂದ ಮೇಜು ತಟ್ಟಬೇಕಿತ್ತು. ಎಲ್ಲಕ್ಕೂ ತಟ್ಟಿದಳು. ಅವನ್ನು ಅಂದೇ ಕಾಗದಕ್ಕೆ ಇಳಿಸಿದೆವು.

ಸಾಗಿಸುವಾಗಲೇ ಕೆಟ್ಟಿದ್ದ ಉಳಿದ ಒಂಬತ್ತರಲ್ಲಿ ಈವರೆಗೆ ತೆರೆದಿರುವುದು ಎರಡು.