ಬಿಸಿಯಾಗುವ ಮೀಟರು

ಕಾಪು ಪೇಟೆಯಲ್ಲಿ ರೇಡಿಯೊ ರಿಪೇರಿಗೆ ಜಿತೇಂದ್ರನ ಅಂಗಡಿಯೇ ಆಗಬೇಕು. ಕೈ ಒಳ್ಳೆಯದು, ಮಾತು ಮಾತ್ರ ಭಾರಿ ಕಡಿಮೆ. ಮೂವತ್ತೈದು ದಾಟಿದರೂ ಮದುವೆಯಾಗಿಲ್ಲ; ಅಮ್ಮನ ಜೊತೆ ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ತಿಂಡಿ ತಿಂದು, ನೆಲ ನೋಡಿ, ಎದ್ದು ಬಂದವನು.

ಅವನ ಮೇಜಿನ ಮೇಲೆ ಕೆಲಸ ಕಲಿಸಿದ ಗುರುಗಳು ಕೊಟ್ಟ, ಕರೆಂಟು ಅಳೆದು ನೋಡುವ ಹಳೇ ವಾಲ್ವಿನ ವೋಲ್ಟ್‌ಮೀಟರ್ ಇತ್ತು. ಸ್ವಿಚ್ ಹಾಕಿದ ಕೂಡಲೇ ಕೆಲಸಕ್ಕೆ ಇಳಿಯುವ ಜಾತಿಯಲ್ಲ ಅದು. ಒಳಗಿನ ವಾಲ್ವ್ ಬಿಸಿಯಾಗಬೇಕು, ಅತ್ತಿತ್ತ ಅಲೆಯುವ ಮುಳ್ಳು ಸೊನ್ನೆಯಲ್ಲಿ ನೆಟ್ಟಗೆ ನಿಲ್ಲಬೇಕು. ಅದಕ್ಕೆ ಕಾಲು ಗಂಟೆ.

ಆ ಕಾಲು ಗಂಟೆಯಲ್ಲೇ ಸರಸ ಅವನಿಗೆ ಹತ್ತಿರವಾದದ್ದು. ಎದುರಿನ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುವವಳು. ಅಲ್ಲಿಯ ಮುದಿ ರೇಡಿಯೊ ಆಗಾಗ ಮೂಕವಾಗುತ್ತಿತ್ತು, ರಿಪೇರಿಗೆ ಹೊತ್ತು ತರುವವಳು ಅವಳೇ. ಮುಳ್ಳು ನಿಲ್ಲುವ ತನಕ ಅವಳು ಸ್ಟೂಲಿನ ಮೇಲೆ ಕೂತು ಹೆಜಮಾಡಿಯ ಮನೆ, ಅಮ್ಮನ ಮೀನಿನ ವ್ಯಾಪಾರ, ಅಳತೆ ತಪ್ಪಿದ ರವಿಕೆಗಳ ಜಗಳ ಎಲ್ಲ ಹೇಳುವಳು. ಜಿತೇಂದ್ರ ಮೊದಲು ಹೂಂಗುಟ್ಟಿದ, ಆಮೇಲೆ ನಕ್ಕ, ಆಮೇಲೆ ಮಾತಾಡಿದ. ಅವಳನ್ನು ಮದುವೆಯಾಗಬೇಕೆಂಬ ಆಸೆ ಬಲವಾಗಿತ್ತು, ಕೇಳುವ ಧೈರ್ಯ ಸಾಲದು.

ಎರಡು ಸಾವಿರದ ಮೂರರಲ್ಲಿ ಅವನು ಉಡುಪಿಯಿಂದ ಡಿಜಿಟಲ್ ಮೀಟರ್ ತಂದ. ಅಂಗೈಯಷ್ಟಿನ ಹಳದಿ ಡಬ್ಬಿ. ಹಳೆಯದರ ಮುಳ್ಳು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂರಬಹುದಿತ್ತು. ಇದು ತಾಗಿಸಿದ ಕೂಡಲೇ ದಶಾಂಶ ಸಮೇತ ಅಂಕಿ ಹೇಳಿ ಮುಗಿಸುತ್ತದೆ. ಮೊದಲು ಯಾರಿಗೆ ತೋರಿಸಬೇಕೆಂದು ಬೇರೆ ಹೇಳಬೇಕೆ? ಸರಸ ರೇಡಿಯೊ ತಂದದ್ದೇ ತಡ, ಕೆಟ್ಟ ಜಾಗ ಹಿಡಿದು, ಬೆಸುಗೆ ಹಾಕಿ ಕೊಟ್ಟೇಬಿಟ್ಟ ಪುಣ್ಯಾತ್ಮ.

"ಇಷ್ಟು ಬೇಗ ಆಯ್ತಾ?" ಎಂದಳು ಅವಳು.

"ಇನ್ನು ನಿಮಗೆ ಇಲ್ಲಿ ಕಾಯುವ ಕೆಲಸವೇ ಇಲ್ಲ," ಎಂದು ಬೀಗಿದ.

ಅವಳು ರೇಡಿಯೊ ಎತ್ತಿಕೊಂಡು ಹೋದಳು. ಖಾಲಿ ಸ್ಟೂಲು ಕಂಡಾಗಲೇ ತಾನೆಂಥ ಎಡವಟ್ಟು ಮಾಡಿಕೊಂಡೆ ಎಂದು ಅವನಿಗೆ ಹೊಳೆದದ್ದು. ರಿಪೇರಿ ಎಷ್ಟು ಚೆನ್ನಾಗಿತ್ತೆಂದರೆ ಎರಡು ತಿಂಗಳಾದರೂ ಆ ರೇಡಿಯೊ ಒಮ್ಮೆ ಕೆಮ್ಮಲೂ ಇಲ್ಲ. ಎದುರಿಗೆ ಹೋಗಿ ಮಾತಾಡಿಸೋಣವೆಂದರೆ ಅಲ್ಲಿ ಹೆಂಗಸರ ಹಿಂಡು. ಅಲ್ಲಿಂದ ಹಾಡು ಕೇಳಿದಾಗಲೆಲ್ಲ ಅವನಿಗೆ ಸಂಕಟ.

ಕೊನೆಗೊಂದು ಮಧ್ಯಾಹ್ನ ಸರಸ ರೇಡಿಯೊ ತಂದು ಮೇಜಿನ ಮೇಲಿಟ್ಟಳು. ಅವನಿಗೆ ಹಿಡಿಸಲಾರದಷ್ಟು ಖುಷಿ. ಹಳದಿ ಮೀಟರನ್ನು ಡ್ರಾಯರಿಗೆ ತಳ್ಳಿ ಹಳೆಯದರ ಸ್ವಿಚ್ ಹಾಕಿದ.

"ಬಿಸಿಯಾಗಲಿಕ್ಕೆ ಸ್ವಲ್ಪ ಹೊತ್ತು ಉಂಟು," ಎಂದ.

"ಗೊತ್ತುಂಟು," ಎಂದು ಅವಳು ಸ್ಟೂಲು ಎಳೆದು ಕೂತಳು.

ಆ ದಿನ ಅವಳ ಕಣ್ಣೂ ಮುಳ್ಳಿನ ಮೇಲೆಯೇ ಇತ್ತು. ಮುಳ್ಳು ಸೊನ್ನೆಯಲ್ಲಿ ನಿಂತಿತು. ಅವನು ರೇಡಿಯೊ ಬಿಚ್ಚಲು ಹೊರಟಾಗ ಸರಸ ಅದರ ಮೇಲೆ ಕೈಯಿಟ್ಟಳು.

"ಬಿಚ್ಚುವುದು ಬೇಡ. ಇದಕ್ಕೆ ಎಂತ ಆಗಲಿಲ್ಲ. ಕೆಡಲಿ, ಕೆಡಲಿ ಅಂತ ಕಾದು ನನಗೆ ಸಾಕಾಯ್ತು ಮಾರಾಯ್ರೆ. ನಿಮ್ಮ ಅಮ್ಮನನ್ನು ನಮ್ಮ ಮನೆಗೆ ಯಾವಾಗ ಕಳಿಸ್ತೀರಿ?"

"ಇವತ್ತೇ," ಎಂದು ಜಿತೇಂದ್ರ ಮೇಜಿನಡಿ ಚಪ್ಪಲಿ ಹುಡುಕತೊಡಗಿದ.