ಹುಣಸೆಹಣ್ಣು ಹಾಕಿ ತೊಳೆದ ಸಿನಿಮಾ

ಮಾದಿಹಳ್ಳಿಯಲ್ಲಿ ಒಂದು ಮದುವೆ ಊಟ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯಾಚೆ ಭತ್ತದ ಗದ್ದೆಯ ಬದುವಿನಲ್ಲಿ ಒಂದು ಕೋಲು, ಕೋಲಿನ ತುದಿಗೆ ದಾರ, ದಾರದಲ್ಲಿ ನೇತಾಡುವ ಹಳೆಯ ಸಿ.ಡಿ. ಹಕ್ಕಿ ಬೆದರಿಸಲು ಯಾರೋ ಕಟ್ಟಿದ್ದು. ಅದು ಗಾಳಿಗೆ ತಿರುಗಿ ಬಿಸಿಲನ್ನು ನೇರ ನನ್ನ ಕಣ್ಣಿಗೆ ಹೊಡೆಯಿತು. ಹಕ್ಕಿಗಳು ಹೆದರಿದವೋ ಇಲ್ಲವೋ, ನನ್ನ ಎದೆ ಮಾತ್ರ ಧಸಕ್ಕೆಂದಿತು. ಹಳೇಬೀಡಿನಲ್ಲಿ ನಮ್ಮ ಎದುರುಮನೆಯ ದಾಳಿಂಬೆ ಗಿಡದಲ್ಲಿ ಹೀಗೇ ಒಂದು ಡಿಸ್ಕ್ ವರ್ಷಗಟ್ಟಲೆ ನೇತಾಡುತ್ತಿತ್ತು. ಅದರೊಳಗೆ ಅರ್ಧ ಸಿನಿಮಾ ಇತ್ತು... ನಾವು ನೋಡದೆ ಉಳಿದ ಅರ್ಧ.

ಆ ಮನೆಯ ಯಜಮಾನರು ಗುಡಿಯಲ್ಲಿ ಗೈಡ್ ಆಗಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ಗೈಡ್ ಮಾವ, ಅವರ ಹೆಂಡತಿ ಅತ್ತೆ. ನಾನಾಗ ಬೇಲೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಿನಿಮಾ ಎಂದರೆ ಒಬ್ಬ ನಾಯಕ, ಒಬ್ಬಳು ನಾಯಕಿ, ಆರು ಹಾಡು, ಕೊನೆಗೊಂದು ಗೋಡೌನಿನಲ್ಲಿ ಹೊಡೆದಾಟ ಎಂದು ನಂಬಿದ್ದವಳು. ಆ ನಂಬಿಕೆಯನ್ನು ನೆಲಸಮ ಮಾಡಿದವರು ಈ ಮಾವ.

ಗುಡಿಯ ಸುತ್ತು ಮುಗಿದ ಮೇಲೆ ಪರದೇಶದವರು ಖುಷಿಯಾಗಿ, ಊರಿಗೆ ಹೋದ ಮೇಲೆ ನಿಮಗೇನು ಕಳಿಸಲಿ ಎಂದು ಕೇಳುವುದಿತ್ತು. ಬೇರೆಯವರು ವಾಚು, ಪೆನ್ನು, ಟೀ ಶರ್ಟು ಎನ್ನುತ್ತಿದ್ದರು. ನಮ್ಮ ಮಾವ, ‘ನಿಮ್ಮೂರಿನದೊಂದು ಸಿನಿಮಾ ಕಳಿಸಿ. ಹೊಡೆದಾಟದ್ದು ಬೇಡ, ನಿಮ್ಮ ತಾಯಿ ನೋಡಿ ಅತ್ತಿದ್ದು ಕಳಿಸಿ’ ಎನ್ನುತ್ತಿದ್ದರು. ಹೆಚ್ಚಿನವರು ವಿಮಾನ ಹತ್ತುತ್ತಲೇ ಮರೆಯುತ್ತಿದ್ದರು. ಆದರೆ ಕೆಲವರು ನಿಜಕ್ಕೂ ಕಳಿಸಿದರು! ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಹೊಡೆದು ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕಿನ ಕವರು ಕೊಟ್ಟರೆ ನಮ್ಮ ಬೀದಿಯಲ್ಲಿ ಹಬ್ಬ. ಮಾವ ಅರಸೀಕೆರೆಯಿಂದ ಒಂದು ಪ್ಲೇಯರ್ ತಂದಿದ್ದರು. ಯಾವ ದೇಶದ ಡಿಸ್ಕ್ ಹಾಕಿದರೂ ಅದು ಮುಖ ಸಿಂಡರಿಸದೆ ನುಂಗುತ್ತಿತ್ತು.

ಬೇಸಿಗೆಯ ಮಧ್ಯಾಹ್ನ, ಗುಡಿಯ ಕಲ್ಲುಹಾಸು ಕಾದು ಕಾಲಿಡಲಾಗದ ಹೊತ್ತಿಗೆ ಪ್ರವಾಸಿಗಳು ಬರುತ್ತಿರಲಿಲ್ಲ. ಅದೇ ನಮ್ಮ ಸಿನಿಮಾದ ಹೊತ್ತು. ನಾನು ಉಂಡ ಕೈ ಒರೆಸಿಕೊಳ್ಳುತ್ತಲೇ ಬೀದಿ ದಾಟಿ ಓಡುತ್ತಿದ್ದೆ. ಎಂಥೆಂಥ ಸಿನಿಮಾಗಳು! ಮರಳುಗಾಡಿನಲ್ಲಿ ಮಳೆಯನ್ನೇ ಕಾಣದ ಮಕ್ಕಳಿಗೆ ಕೊಡೆ ಮಾರಲು ಬಂದವನ ಕಥೆ. ಪುಟ್ಟ ದ್ವೀಪವೊಂದರಲ್ಲಿ ಇರುವವನು ಒಬ್ಬನೇ ಕ್ಷೌರಿಕ, ಅವನ ತಲೆಗೂದಲು ಕತ್ತರಿಸುವವರು ಯಾರೂ ಇಲ್ಲ. ಆ ಸಿನಿಮಾ ಪೂರ್ತಿ ಅಷ್ಟೇ, ನಾವು ನಕ್ಕೂ ನಕ್ಕೂ ಕೊನೆಗೆ ಅತ್ತಿದ್ದೆವು. ಜಗತ್ತು ಇಷ್ಟು ದೊಡ್ಡದೇ, ಅಲ್ಲೂ ಅತ್ತೆ ಸೊಸೆ ಇದ್ದಾರೆಯೇ, ಅಲ್ಲೂ ಹಾಲು ಉಕ್ಕಿದರೆ ಬೈಯುತ್ತಾರೆಯೇ ಎಂದು ನನಗೆ ಕುಣಿದಾಡುವಷ್ಟು ಸಂತೋಷವಾಗುತ್ತಿತ್ತು.

ಕೆಲವು ಡಿಸ್ಕುಗಳಲ್ಲಿ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಅದನ್ನು ಓದಿ ಹೇಳುವುದು ನನ್ನ ಕೆಲಸ. ಅಕ್ಷರವೇ ಇಲ್ಲದಿದ್ದರೆ ಮಾವನ ಸರದಿ. ಪ್ರವಾಸಿಗಳಿಗೆ ಗೋಡೆ ತೋರಿಸುವ ಛತ್ರಿ ಹಿಡಿದು ಟಿ.ವಿ. ಪಕ್ಕ ನಿಂತುಬಿಡುತ್ತಿದ್ದರು, ಥೇಟ್ ಗುಡಿಯ ಗೋಡೆಯ ಮುಂದೆ ನಿಂತ ಹಾಗೆ. ಗೋಡೆಯನ್ನು ಅವರು ಕೆಳಗಿನ ಆನೆಗಳ ಸಾಲಿನಿಂದ ಮೇಲಕ್ಕೆ ಹೇಳಿಕೊಂಡು ಹೋಗುತ್ತಿದ್ದರಂತೆ. ಸಿನಿಮಾಕ್ಕೂ ಅದೇ ಕ್ರಮ.

“ಮೊದ್ಲು ಕಾಲು ನೋಡವ್ವ. ಮುಖ ಸುಳ್ಳು ಹೇಳ್ತದೆ, ಕಾಲು ಹೇಳಲ್ಲ. ನೋಡು, ಇವನು ಹೋಗ್ತೀನಿ ಅಂತವ್ನೆ, ಕಾಲು ಮಾತ್ರ ಹೊಸ್ಲಲ್ಲೇ ಐತೆ.”

ಹೇಳುತ್ತ ಹೇಳುತ್ತ ನಡುವೆ ಥಟ್ಟನೆ ನಿಲ್ಲಿಸಿ, ‘ಆಮೇಲೆ?’ ಎಂದು ನಮ್ಮನ್ನೇ ಕೇಳುತ್ತಿದ್ದರು. ಪ್ರವಾಸಿಗಳನ್ನೂ ಹೀಗೇ ಕೇಳುತ್ತಿದ್ದರಂತೆ.

ಒಂದು ಏಪ್ರಿಲ್‌ನಲ್ಲಿ ಆ ಸಿನಿಮಾ ಬಂತು. ಹಿಮದ ಬೆಟ್ಟಗಳ ದೇಶದ್ದು. ಕವರಿನ ಮೇಲಿನ ಲಿಪಿ ನಮಗಂತೂ ಇರುವೆ ಸಾಲು. ಎರಡು ಡಿಸ್ಕ್. ಮೊದಲ ದೃಶ್ಯದಲ್ಲೇ ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು.

“ಅಯ್ಯೋ, ರಾಗಿಕಲ್ಲು ಕಣ್ರೀ!”

ನಿಜವಾಗಿಯೂ ಬೀಸುವ ಕಲ್ಲೇ. ಅಕ್ಕ ತಂಗಿ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಹಾಡಿಕೊಂಡು ಬೀಸುತ್ತಿದ್ದರು. ತಂದೆ ತೀರಿದ ಮೇಲೆ ಮನೆಯ ಸಾಮಾನು ಪಾಲಾಯಿತು. ಇಬ್ಬರಿಗೂ ಜಗಳ ಹತ್ತಿ, ಅಕ್ಕ ಮೇಲುಕಲ್ಲು ಹೊತ್ತು ಒಂದು ದಿಕ್ಕಿಗೆ, ತಂಗಿ ಕೆಳಗಲ್ಲು ಹೊತ್ತು ಇನ್ನೊಂದು ದಿಕ್ಕಿಗೆ ಹೋದರು. ಮುಂದಿನ ದೃಶ್ಯದಲ್ಲಿ ಅಕ್ಕ ಮುದುಕಿ. ಒಂದು ದಿನ ಮೇಲುಕಲ್ಲನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ತಂಗಿಯ ಊರಿಗೆ ಹೊರಟಳು. ಹಿಮ, ಗಾಳಿ, ತೂಗುಸೇತುವೆ... ಮಾವ ವಿವರಿಸುವುದನ್ನೇ ಮರೆತು ಛತ್ರಿ ಊರಿಕೊಂಡು ನಿಂತಿದ್ದರು. ಕೊನೆಗೂ ದಿಬ್ಬದ ಮೇಲೆ ತಂಗಿಯ ಮನೆ ಕಾಣಿಸಿತು. ಮುದುಕಿ ಬಾಗಿಲು ತಟ್ಟಲು ಕೈ ಎತ್ತಿದಳು. ಮೊದಲ ಡಿಸ್ಕ್ ಮುಗಿಯಿತು. ಎರಡನೆಯದನ್ನು ಹಾಕುವಷ್ಟರಲ್ಲಿ ಕರೆಂಟು ಹೋಯಿತು!

ಆ ದಿನ ಮತ್ತೆ ಕರೆಂಟು ಬರಲಿಲ್ಲ. ಬಾಗಿಲಾಚೆ ಏನಿದೆ ಎಂದು ನಮಗೆ ಹುಚ್ಚು ಹಿಡಿಯುವುದೊಂದು ಬಾಕಿ. ತಂಗಿ ತಬ್ಬಿಕೊಂಡು ಇಬ್ಬರೂ ಕಲ್ಲು ಜೋಡಿಸಿ ಬೀಸುತ್ತಾರೆ ಎಂದು ಮಾವ. ತಂಗಿ ಸತ್ತುಹೋಗಿರುತ್ತಾಳೆ, ಯಾರೋ ಗುರುತಿಲ್ಲದವರು ಬಾಗಿಲು ತೆಗೆಯುತ್ತಾರೆ ಎಂದು ನಾನು. ಕಾಲೇಜು ಹುಡುಗಿಗೆ ಸಾವಿಲ್ಲದ ಕಥೆ ಕಥೆಯೇ ಅಲ್ಲ. ಪಂದ್ಯ ಕಟ್ಟಿದೆವು. ಸೋತವರು ಗೆದ್ದವರನ್ನು ಗುಡಿ ಸುತ್ತಿಸಿ, ಗೋಡೆ ಪೂರ್ತಿ ವಿವರಿಸಬೇಕು. ಅತ್ತೆ ಮತ್ತೆ ಮೊರ ಹಿಡಿದಿದ್ದರು.

“ಅವಳ ತಂಗಿ ಮನೇಲಿರಲ್ಲ ಕಣ್ರೀ. ಅವಳೂ ತನ್ ಕಲ್ಲು ಹೊತ್ಕೊಂಡು ಇವಳ ಮನೆಗೇ ಹೊಂಟಿರ್ತಾಳೆ. ನಾನೂ ಕಣಕಟ್ಟೇಲಿರೋ ನನ್ ತಂಗೀನೂ ಹಂಗೇ ಮಾಡ್ಕೊಂಡಿರ್ಲಿಲ್ವಾ? ನಾನು ಅಲ್ಲಿಗೋದ್ರೆ ಅವಳು ಇಲ್ಲಿ!”

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗಾದರೆ ನೀನೂ ಪಂದ್ಯಕ್ಕೆ ಸೇರು ಎಂದರು ಮಾವ.

“ಸೇರ್ದೆ ಬಿಡಿ. ದೇಸದೋರಿಗೆಲ್ಲ ಹೇಳ್ತೀರ, ನನ್ನ ಒಂದಿನಾನಾದ್ರೂ ಕರ್ಕೊಂಡೋಗಿ ಹೇಳಿದೀರಾ?”

ಮಾರನೆಯ ದಿನ ಶುಕ್ರವಾರ. ಅತ್ತೆ ಬೆಳಿಗ್ಗೆ ದೀಪದ ಕಂಬಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ದಿನ. ಎರಡನೆಯ ಡಿಸ್ಕಿನ ಮೇಲೆ ಮಾವನ ಬೆರಳಚ್ಚು ಕೂತಿತ್ತು. ಚಿತ್ರ ನಿಚ್ಚಳವಾಗಿ ಬರಲಿ ಎಂದು ಅತ್ತೆ ಅದನ್ನೂ ದೀಪಗಳ ಜೊತೆ ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿ, ತೊಳೆದು, ಸೆರಗಿನಲ್ಲಿ ಒರೆಸಿ ದೇವರ ಮುಂದೆ ಇಟ್ಟಿದ್ದರು. ಮಧ್ಯಾಹ್ನ ಡಿಸ್ಕ್ ಹಾಕಿದರೆ ಪ್ಲೇಯರ್ ಕೊರ್ ಕೊರ್ ಎಂದು ಹೊರಗೆ ಉಗುಳಿತು. ಮತ್ತೆ ಹಾಕಿದರೆ ಮತ್ತೆ ಉಗುಳಿತು. ಆಗ ಅತ್ತೆ ನಡೆದದ್ದನ್ನು ಹೇಳಿದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಮಾವ ಬೈಯಲಿಲ್ಲ. ಹೋಗ್ಲಿ ಬಿಡೇ ಎಂದಷ್ಟೇ ಹೇಳಿ ಡಿಸ್ಕನ್ನು ಬಿಸಿಲಿಗೆ ಹಿಡಿದು ನೋಡಿದರು.

ಮಾವನೂ ನಾನೂ ಅದನ್ನು ಅರಸೀಕೆರೆಯ ರೈಲ್ವೆ ಸ್ಟೇಷನ್ ಹತ್ತಿರದ ಸಿ.ಡಿ. ಅಂಗಡಿಗೆ ಒಯ್ದೆವು. ಅಂಗಡಿಯವನು ಬಿದ್ದು ಬಿದ್ದು ನಕ್ಕ.

“ಯಾರ್ ಸಾರ್ ಇದನ್ನ ಪಾತ್ರೆ ತಿಕ್ಕಿದಂಗೆ ತಿಕ್ಕಿರೋದು?”

“ನಾನೇ ಕಣಪ್ಪ,” ಎಂದರು ಮಾವ.

ಟೂತ್‌ಪೇಸ್ಟ್ ಹಚ್ಚಿ ಒರೆಸಿದರೂ ಅದು ಬದುಕಲಿಲ್ಲ. ಕಳಿಸಿದವರನ್ನೇ ಕೇಳೋಣವೆಂದರೆ ವಿಳಾಸವಿದ್ದ ಕವರು ಹಂಡೆ ಒಲೆಯ ಪಾಲಾಗಿತ್ತು. ಅಲ್ಲಿಂದಾಚೆ ಹಿಮದ ಸೀಮೆಯ ಪ್ರವಾಸಿಗಳು ಬಂದರೆ ಸಾಕು, ಮಾವ ಗೋಡೆ ಬಿಟ್ಟು ರಾಗಿಕಲ್ಲಿನ ಕಥೆ ಹೇಳಿ, ‘ಆಮೇಲೇನಾಯ್ತು, ಗೊತ್ತಾ?’ ಎಂದು ಅವರನ್ನೇ ಪೀಡಿಸುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ. ಆ ಡಿಸ್ಕನ್ನು ಅತ್ತೆ ಎಸೆಯಲಾರದೆ ದಾಳಿಂಬೆ ಗಿಡಕ್ಕೆ ಕಟ್ಟಿದರು. ನನಗೆ ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೂ, ತವರಿಗೆ ಹೋದಾಗಲೆಲ್ಲ ಮಾವ ಜಗಲಿಯಿಂದಲೇ, ‘ಏನವ್ವ, ಬಾಗ್ಲು ತೆಗುದ್ಲಾ?’ ಎಂದು ಕೂಗುತ್ತಿದ್ದರು. ನಾನು, ಇನ್ನೂ ತಟ್ತಾ ಇದಾಳೆ ಮಾವ ಎನ್ನುತ್ತಿದ್ದೆ. ಒಂದು ಸಲ ಹೋದಾಗ ಜಗಲಿಯ ಮೇಲೆ ಅವರಿರಲಿಲ್ಲ...

ಮದುವೆಯೂಟದಿಂದ ಬಂದ ಆ ಸಂಜೆ ಕೈಕಾಲು ತೊಳೆಯುವುದಕ್ಕೂ ಮೊದಲು ಮೊಬೈಲ್ ಹಿಡಿದು ಕೂತೆ. ಸಿನಿಮಾದ ಹೆಸರು ಗೊತ್ತಿಲ್ಲ, ದೇಶವೂ ಗಟ್ಟಿಯಾಗಿ ಗೊತ್ತಿಲ್ಲ. ಅಕ್ಕ ತಂಗಿ, ಬೀಸುವ ಕಲ್ಲು, ಹಿಮ ಎಂದು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಟೈಪ್ ಮಾಡುತ್ತ ಹೋದೆ. ಏನೇನೋ ಬಂದವು. ಆಮೇಲೆ ಬೆರಳುಗುರಿನಷ್ಟು ಚಿಕ್ಕ ಚಿತ್ರದಲ್ಲಿ ಶಾಲು ಸುತ್ತಿದ ಕಲ್ಲು, ಬಾಗಿದ ಬೆನ್ನು! ಕಿರುಚಿದೆ. ಒಳಗಿದ್ದ ಮನೆಯವರು ಹಲ್ಲಿ ಬಿತ್ತೇನೋ ಎಂದು ಓಡಿಬಂದರು.

ನೋಡಿದೆ. ಭಾನುವಾರ ಮೊದಲ ಬಸ್ಸಿಗೇ ಹಳೇಬೀಡಿಗೆ ಹೋದೆ. ಮಗಳು, ಅಳಿಯ, ಮೊಮ್ಮಕ್ಕಳ ಗದ್ದಲದ ನಡುವೆ ಅತ್ತೆ ಹೂ ಕಟ್ಟುತ್ತ ಕೂತಿದ್ದರು. ಉಳಿದ ಅರ್ಧ ಸಿನಿಮಾ ಹಾಕಿ ಮೊಬೈಲನ್ನು ಅವರ ಕೈಗಿಟ್ಟೆ. ಮುದುಕಿ ಬಾಗಿಲು ತಟ್ಟಿದಳು. ಬಾಗಿಲಿಗೆ ಬೀಗ. ಹೊಸ್ತಿಲ ಮೇಲೆ ಕಲ್ಲಿಳಿಸಿ ಅಲ್ಲೇ ಕೂತಳು. ಮುಂದಿನ ದೃಶ್ಯದಲ್ಲಿ ಇನ್ನೊಂದು ಊರು, ಇನ್ನೊಂದು ಹೊಸ್ತಿಲು. ಅಲ್ಲಿ ತಂಗಿ, ಪಕ್ಕದಲ್ಲಿ ಕೆಳಗಲ್ಲು. ಇಬ್ಬರೂ ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಕಾಯುತ್ತ ಕೂತಿರುವಂತೆಯೇ ಸಿನಿಮಾ ಮುಗಿಯಿತು.

“ನಾನೇಳಿರ್ಲಿಲ್ವೇನೇ!” ಅತ್ತೆ ನನ್ನ ತೊಡೆಗೆ ಪಟ್ಟೆಂದು ಹೊಡೆದರು. ಮಡಿಲಿನ ಹೂವೆಲ್ಲ ಚೆಲ್ಲಿತು. “ನಾನ್ ತೊಳ್ದು ಕಳ್ದಿದ್ನ ನಾನೇ ಹೇಳಿದ್ದೆ ನೋಡು!” ನಕ್ಕರು. ನಗುತ್ತಲೇ ಖಾಲಿ ಜಗಲಿಯ ಕಡೆ ತಿರುಗಿದರು. “ಇವ್ರಿಗೆ ಗೊತ್ತಾಗ್ಬೇಕಿತ್ತು ಕಣೇ.” ಮಾವನಿಗೆ ಹೇಳಲಾಗದ ಈ ಸುದ್ದಿಯನ್ನು ಇನ್ನಾರಿಗೆ ಹೇಳಿದರೂ ಅರ್ಧವೇ.

ಪಂದ್ಯ ಪಂದ್ಯವೇ. ಅತ್ತೆಯನ್ನು ಗುಡಿಗೆ ಕರೆದುಕೊಂಡು ಹೋದೆ. ಕೆಳಗಿನ ಆನೆಗಳಿಂದ ಶುರುಮಾಡಿದೆ. ನನಗೆ ತಿಳಿದದ್ದು ಅಷ್ಟರಲ್ಲೇ ಇತ್ತು, ಉಳಿದದ್ದನ್ನು ಮಾವನ ಧಾಟಿಯಲ್ಲಿ ತುಂಬಿಸಿದೆ. ಕಾಲು ನೋಡಿ ಅತ್ತೆ, ಮುಖ ಸುಳ್ಳು ಹೇಳುತ್ತೆ ಎಂದೆ. ಅವರು ಬಾಗಿ ಬಾಗಿ ನೋಡಿದರು, ಅಲ್ಲಲ್ಲಿ ‘ಆಮೇಲೆ?’ ಎಂದರು. ಸುತ್ತು ಮುಗಿದು ಹೊರಟಲ್ಲಿಗೇ ಬಂದೆವು. ನಾನು ಚಪ್ಪಲಿಯ ಕಡೆ ನಡೆದೆ.

“ಎಲ್ಲಿಗ್ ಹೊಂಟೆ? ಇದು ನಿನ್ ಸುತ್ತು. ಅವ್ರೂ ಸೋತವ್ರಲ್ವಾ? ಅವ್ರ ಸುತ್ತು ಬಾಕಿ ಐತೆ.”

ಅತ್ತೆ ಮುಂದೆ ಮುಂದೆ ನಡೆದರು. ಈ ಸುತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ. ಅವರು ಒಂದೊಂದು ಆನೆಯ ಮುಂದೂ ನಿಂತು, ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವ ಹಾಗೆ ತಲೆಯಾಡಿಸಿ, ಮುಂದಕ್ಕೆ ಹೋಗುತ್ತಿದ್ದರು.