ಹಳ್ಳದಲ್ಲಿ ತೂಗಿದ ಬಂಡಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸುಮ್ಮನೆ ನಿಂತ ಸಾಮಾನು ಕಡಿಮೆ. ಹಾಲಿನ ಗಡಿಗೆ ನೆಲುವಿನಲ್ಲಿ ತೂಗುತ್ತಿತ್ತು, ತಮ್ಮ ತೊಟ್ಟಿಲಲ್ಲಿ ತೂಗುತ್ತಿದ್ದ, ಬಂಡಿಯ ಕೆಳಗೆ ಕಂದೀಲು ತೂಗುತ್ತಿತ್ತು. ಒಂದು ವರ್ಷ ಶ್ರಾವಣದಲ್ಲಿ ಇವೆಲ್ಲಕ್ಕಿಂತ ಹೆಚ್ಚು ತೂಗಾಡಿದ್ದು ಅಪ್ಪನ ಮನಸ್ಸು.

ಅಕ್ಕನಿಗೆ ಕೊಪ್ಪಳದಲ್ಲಿ ಮಾಸ್ತರಿಕೆ ಕಲಿಯಲು ಜಾಗ ಸಿಕ್ಕಿತ್ತು. ಅಲ್ಲೇ ಇದ್ದು ಓದಬೇಕು. ನಮ್ಮ ಓಣಿಯಿಂದ ಅದುವರೆಗೆ ಯಾವ ಹುಡುಗಿಯೂ ಹಾಗೆ ಹೋಗಿರಲಿಲ್ಲ. ಸಂಜೆ ಊಟಕ್ಕೆ ಕುಳಿತಾಗ ಅಪ್ಪ "ಹೋಗ್ಲಿ ಬಿಡು, ಓದ್ಲಿ" ಅನ್ನುತ್ತಿದ್ದ. ಮುಂಜಾನೆ ಎತ್ತಿಗೆ ಮೇವು ಹಾಕುತ್ತ "ಹೆಣ್ಣ ಹುಡುಗಿನ ಒಬ್ಬಾಕಿನ್ನ ಹೆಂಗ ಬಿಡೂದು" ಅನ್ನುತ್ತಿದ್ದ. ಅವ್ವನಿಗೆ ಸಾಕಾಗಿ ಹೋಗಿತ್ತು. "ನಿನ್ನ ಮಾತು ಮಜ್ಜಿಗಿ ಕಡಗೋಲು ಆಗೈತಿ. ಅತ್ತಾಗೊಮ್ಮೆ, ಇತ್ತಾಗೊಮ್ಮೆ. ಬರೇ ತಿರುಗೂದ, ಬೆಣ್ಣಿ ಮಾತ್ರ ಬರವಲ್ದು" ಅಂದಳು.

ಹೆಸರು ಬರೆಸುವ ಕೊನೆಯ ದಿನ ಬಂದೇಬಿಟ್ಟಿತು. ಅಂದು ಹೋಗದಿದ್ದರೆ ಆ ಜಾಗ ಬೇರೆಯವರ ಪಾಲು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬಂಡಿ ಮಾತ್ರ ಹೂಡಿದ. ಅವ್ವ ಜೋಳದ ಚೀಲ, ಶೇಂಗಾ ಚಟ್ನಿಯ ಡಬ್ಬಿ, ಒಂದು ತಗಡಿನ ಟ್ರಂಕು ಏರಿಸಿದಳು. ಕೊಪ್ಪಳದ ಬಸ್ಸು ಸಿಗುವ ಡಾಂಬರು ರಸ್ತೆಗೆ ಹೊಲದ ದಾರಿಯಲ್ಲೇ ಹೋಗಬೇಕು. ನಮ್ಮದು ಯಲಬುರ್ಗಾ ಕಡೆಯ ಎರೆ ನೆಲ. ಹಿಂದಿನ ದಿನ ಮಳೆ ಹೊಡೆದಿತ್ತು. ಮಣ್ಣು ಕಣಕದ ಹಾಗೆ ಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಹಸಿ ಸಜ್ಜೆ ಹೊಲದ ವಾಸನೆ, ಎತ್ತಿನ ಕೊರಳ ಗಂಟೆ. ಅಪ್ಪ, ಅಕ್ಕ, ನಾನು ಮೂವರೂ ಹೋಗುತ್ತಿದ್ದೆವು.

ಹಳ್ಳ ದಾಟುವಾಗ ಎಡಗಾಲಿ ಒಂದು ಗುಂಡಿಗೆ ಇಳಿಯಿತು. ಅಪ್ಪ ಎತ್ತುಗಳನ್ನು ಬೆದರಿಸಿದ, ಬಾರುಕೋಲು ಎತ್ತಿದ. ಎತ್ತುಗಳು ಮೊಣಕಾಲೂರಿ ಎಳೆದಷ್ಟೂ ಗಾಲಿ ಇನ್ನೂ ಕೆಳಗೆ ಹೋಯಿತು. ಕೊನೆಗೆ ಅಪ್ಪ ಸೋತು ನಿಂತ.

"ಇದು ಅಪಶಕುನ. ಹೊಳ್ಳಿ ಮನಿಗೆ ಹೋಗೋಣು."

ಅಕ್ಕ ಅಳಲಿಲ್ಲ. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. "ಮನಿಗೆ ಹೋಗಾಕರ ಮೊದಲ ಬಂಡಿ ಮ್ಯಾಲೆ ಬರಬೇಕಲ್ಲಪ್ಪ" ಅಂದಳು.

ಅಪ್ಪ ಸಾಮಾನು ಇಳಿಸಿ, ಎತ್ತು ಬಿಚ್ಚಿ ಜಾಲಿ ಗಿಡಕ್ಕೆ ಕಟ್ಟಿದ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ನಾವು ಎಲ್ಲಿಗೆ, ಏಕೆ ಹೊರಟಿದ್ದೇವೆಂದು ಕೇಳಿ ತಿಳಿದು, ಕಂಬಳಿ ತೆಗೆದಿಟ್ಟು, ಅಕ್ಕನ ಜೊತೆ ಗಾಲಿಗೆ ಕೈಹಚ್ಚಿದ. ಅಪ್ಪ ಮುಂದೆ ನೊಗ ಹಿಡಿದ. ಮೂವರೂ ಒಂದೇ ಸಮನೆ ನೂಕಿದರು. ಬಂಡಿ ಅಲುಗಲಿಲ್ಲ.

"ಜೋರ್ ಮಾಡಬ್ಯಾಡ್ರಿ" ಅಂದಳು ಅಕ್ಕ. "ಜೋಕಾಲಿ ತೂಗಿದಂಗ ತೂಗೂಣು. ಒಂಚೂರು ಮುಂದ ದಬ್ಬರಿ, ಬಿಟ್ಟು ಬಿಡ್ರಿ. ತಾನ ಹಿಂದ ಹೋಗಿ ಹೊಳ್ಳೂ ಹೊತ್ತಿಗೆ ಮತ್ತ ದಬ್ಬರಿ."

ಮುದುಕ ನಕ್ಕ. "ಬಂಡಿಗೆ ಜೋಗುಳಾ ಹಾಡೂದು ಇವತ್ತ ನೋಡಿದ್ನೆವ್ವಾ."

ಮೊದಲು ಗಾಲಿ ಗೇಣಷ್ಟೂ ಸರಿಯಲಿಲ್ಲ. ಮುಂದೆ ಹೋಗಿ, ಗುಂಡಿಯ ನಡುವಿಗೆ ಬಂದು, ಹಿಂದಕ್ಕೆ ಹೋಯಿತು. ಹೊರಳಿದಾಗ ಒಂದು ದಬ್ಬು. ಈ ಸಲ ಸ್ವಲ್ಪ ಹೆಚ್ಚು. ಮತ್ತೊಂದು ದಬ್ಬು. ಅವಸರ ಮಾಡಿದರೆ ಬಂಡಿ ಎದುರು ಬಿದ್ದು ನಿಂತುಬಿಡುತ್ತಿತ್ತು, ತಡಮಾಡಿದರೆ ಮಂದವಾಗುತ್ತಿತ್ತು. ಸರಿಯಾದ ಹೊತ್ತಿಗೆ ಕೊಟ್ಟ ಸಣ್ಣ ನೂಕು ಸಾಕಾಗುತ್ತಿತ್ತು. ಕೆಸರು ಪಚಪಚ ಅನ್ನುತ್ತ ಗಾಲಿಯನ್ನು ಬಿಡತೊಡಗಿತು. ನೋಡನೋಡುತ್ತಿದ್ದಂತೆ ಗಾಲಿ ಗುಂಡಿಯ ಆ ಅಂಚಿಗೊಮ್ಮೆ, ಈ ಅಂಚಿಗೊಮ್ಮೆ ಏರಿ ಇಳಿಯತೊಡಗಿತು.

ಅಂಚಿಗೆ ಬಂದ ಗಾಲಿ ಮತ್ತೆ ಇಳಿಯದಂತೆ ಕಲ್ಲು ಕೊಡುವ ಕೆಲಸ ನನ್ನದು. ಹಳ್ಳದ ದೊಡ್ಡ ಕಲ್ಲೊಂದನ್ನು ಎದೆಗವಚಿ ನಿಂತಿದ್ದೆ. ಆಗ ನನಗೆ ಹೊಳೆಯಿತು. ಗಾಲಿ ಮುಂದಿನ ಅಂಚಿಗೆ ಏರಿದಾಗ ಕೊಟ್ಟರೆ ಬಂಡಿ ರಸ್ತೆಯ ಕಡೆ ಬಂದಂತೆ. ಹಿಂದಿನ ಅಂಚಿಗೆ ಏರಿದಾಗ ಕೊಟ್ಟರೆ ಊರ ಕಡೆ. ಎರಡೂ ಅಷ್ಟೇ ಹತ್ತಿರ ಇದ್ದವು.

"ಅಪ್ಪಾ, ಕಲ್ಲ ಯಾವ ಕಡೆ ಇಡ್ಲಿ?"

ಬಂಡಿ ಮುಂದೆ ಹೋಯಿತು, ಹಿಂದೆ ಬಂತು. ಅಕ್ಕನ ಕೈಗಳು ಬಿಡದೆ ಗಾಲಿಯ ಜೊತೆ ಹೋಗಿಬರುತ್ತಿದ್ದವು. ಅವಳ ಹಣೆಯ ಮೇಲೆ ಕೆಸರು ಹಾರಿತ್ತು. ಅಪ್ಪ ನೊಗದ ಮೇಲಿಂದ ಅವಳನ್ನೇ ನೋಡುತ್ತಿದ್ದ. ಬಂಡಿ ಮತ್ತೊಮ್ಮೆ ಮುಂದೆ ಹೋಗಿ ಹಿಂದೆ ಬಂತು.

"ಗಾಲಿ ಹಿಂದ ಕೊಡಲೇ ತಮ್ಮಾ" ಅಂದ ಅಪ್ಪ. "ಇನ್ನ ಊರ ಕಡೆ ಉರುಳಬಾರ್ದು ಅದು."

ಮುಂದಿನ ಸಲ ಗಾಲಿ ರಸ್ತೆಯ ಕಡೆಯ ಅಂಚಿಗೆ ಏರಿದ್ದೇ ತಡ, ಅದರ ಬೆನ್ನಿಗೆ ಕಲ್ಲು ಸರಿಸಿದೆ. ಬಂಡಿ ನಿಂತಿತು. ಮುದುಕ ಬೆನ್ನು ನೆಟ್ಟಗೆ ಮಾಡಿಕೊಂಡು, "ಮಗಳು ಸಾಲಿ ಕಲಿಸಾಕ ಈಗಿಂದನ ಸುರು ಮಾಡ್ಯಾಳ ನೋಡ್ರಿ ಗೌಡ್ರ" ಅಂದು ಕುರಿಗಳ ಹಿಂದೆ ಹೋದ. ಮತ್ತೆ ಸಾಮಾನು ಏರಿಸಿ, ಎತ್ತು ಹೂಡಿ ರಸ್ತೆಗೆ ಬಂದೆವು, ಬಸ್ಸು ಸಿಕ್ಕಿತು. ಅಪ್ಪನೂ ಅವಳ ಜೊತೆ ಹತ್ತಿದ, ಕಾಲಿನ ಕೆಸರು ಕೂಡ ತೊಳೆಯದೆ. ಬಂಡಿ ಮನೆಗೆ ಹೊಡೆದುಕೊಂಡು ಬಂದವನು ನಾನು.

ಅಕ್ಕ ಕಲಿತಳು, ಕಲಿಸಿದಳು. ನನ್ನ ಶಾಲೆ ಏಳನೆಯ ತರಗತಿಗೆ ಮುಗಿಯಿತು. ಆಮೇಲಿನದೆಲ್ಲ ಹೊಲದಲ್ಲಿ ದುಡಿದು ಕಲಿತದ್ದು, ಅದರ ಬಗ್ಗೆ ನನಗೆ ಕೊರಗಿಲ್ಲ. ಮಕ್ಕಳೇ, ಮೊನ್ನೆ ನೀವು ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಿರಿ. ನಡುವಿನ ಒಂದು ಜಾಗದಿಂದ ಆ ಕಡೆಗೂ ಈ ಕಡೆಗೂ ಮತ್ತೆ ಮತ್ತೆ ಹೋಗಿಬರುವುದೇ ಆಂದೋಲನ ಅಂತ. ನಾವು ತೂಗಾಟ ಅಂದದ್ದು ಅದನ್ನೇ. ಮನಸ್ಸು ಹಾಗೆ ಮಾಡಿದರೆ ಹೊಯ್ದಾಟ ಅನ್ನುತ್ತೇವೆ. ಬಂಡಿಯದು ನೂಕುವವರು ಕೈಬಿಟ್ಟರೆ ತಾನೇ ನಿಲ್ಲುತ್ತದೆ. ಮನಸ್ಸಿನದಕ್ಕೆ ಯಾರಾದರೂ ಕಲ್ಲು ಕೊಡಬೇಕಾಗುತ್ತದೆ.

ಈಗ ಆ ಹಳ್ಳಕ್ಕೆ ಸೇತುವೆ ಬಂದಿದೆ, ಬಸ್ಸು ಮನೆಯ ಮುಂದೆಯೇ ನಿಲ್ಲುತ್ತದೆ. ನಿಮ್ಮ ಅಕ್ಕ ಮುಂಜಾನೆ ಕೊಪ್ಪಳದ ಕಾಲೇಜಿಗೆ ಹೋಗಿ ಸಂಜೆ ಬರುತ್ತಾಳೆ. ಅವಳು ಹೊರಡುವಾಗ ಹೋಗಲೋ ಬೇಡವೋ ಎಂಬ ಮಾತು ಈ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನಿಮ್ಮ ಅವ್ವ ಒಳಗಿನಿಂದ ಕೇಳುವುದು ಒಂದೇ ಮಾತು, "ಬುತ್ತಿ ತಗೊಂಡಿಯೇನ?"